ದೇವಾಲಯದ ಹಾಡು ಯಾರ ಸ್ವತ್ತು?

ಪ್ರತಿ ವರ್ಷ ನವೆಂಬರ್ 22ರಂದು ಧರ್ಮಸಭೆಯು ಸಂತ ಸಿಸಿಲಿಯಮ್ಮನವರ ಹಬ್ಬವನ್ನು ಆಚರಿಸುತ್ತದೆ. ಪ್ರಾಚೀನ ರೋಮಿನ ಈ ರಕ್ತಸಾಕ್ಷಿ ಸಂಗೀತಗಾರರ ಪಾಲಕರು. ಅಂದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಗಾಯನವೃಂದದವರಿಗಾಗಿ ವಿಶೇಷ ಬಲಿಪೂಜೆ ನಡೆಯುತ್ತದೆ. ಪೂಜೆಯ ಬಳಿಕ ಒಂದಿಷ್ಟು ಉಪಾಹಾರ, ನಾಲ್ಕು ಮೆಚ್ಚುಗೆಯ ಮಾತು. ಆದರೆ ಸಿಸಿಲಿಯಮ್ಮನವರಿಗೂ ಸಂಗೀತಕ್ಕೂ ನಂಟು ಬೆಳೆದ ಬಗೆಯನ್ನು ಬಲ್ಲವರು ಕಡಿಮೆ. ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದಾಗ ಅವರು ತಮ್ಮ ಅಂತರಂಗದಲ್ಲಿ ದೇವರೊಬ್ಬರಿಗೇ ಹಾಡಿಕೊಳ್ಳುತ್ತಿದ್ದರೆಂದು ಅವರ ಪ್ರಾಚೀನ ಚರಿತ್ರೆ ಹೇಳುತ್ತದೆ. ಆ ಕಥನದಲ್ಲಿ ಅವರು ಯಾವ ವಾದ್ಯವನ್ನೂ ನುಡಿಸುವುದಿಲ್ಲ. ವಾದ್ಯ ಹೊರಗಿತ್ತು, ಹಾಡು ಒಳಗಿತ್ತು.

ಈ ಹಬ್ಬ ಬಂದಾಗಲೆಲ್ಲ ನಮಗೆ ನಮ್ಮ ಸೀಮೆಯ ಹಳ್ಳಿಯೊಂದರ ಉಪದೇಶಿಯವರ ನೆನಪಾಗುತ್ತದೆ. ಬಿಳಿ ಪಂಚೆ, ಹೆಗಲ ಮೇಲೊಂದು ವಲ್ಲಿ, ಕಂಕುಳಲ್ಲಿ ರಟ್ಟು ಕಟ್ಟಿದ ಒಂದು ಕೈಬರಹದ ಪುಸ್ತಕ. ಆ ಪುಸ್ತಕದಲ್ಲಿ ಲತೀನ್ ಪೂಜೆಯ ಹಾಡುಗಳನ್ನು ಅವರು ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟುಕೊಂಡಿದ್ದರು. ಲತೀನ್ ಭಾಷೆ ಅವರಿಗೆ ತಿಳಿದಿರಲಿಲ್ಲ, ಸ್ವರಲಿಪಿಯೂ ಗೊತ್ತಿರಲಿಲ್ಲ. ಹಿಂದಿನ ಉಪದೇಶಿಯ ಬಾಯಿಂದ ಕೇಳಿ ಕಲಿತದ್ದು. ಕನ್ನಡದಲ್ಲಿ ಪೂಜೆ ಬಂದ ಮೇಲೆ ಕನ್ನಡದ ಕೀರ್ತನೆಗಳನ್ನೂ ಅದೇ ಪುಸ್ತಕದ ಹಿಂಬದಿಯಿಂದ ಬರೆಯತೊಡಗಿದರು. ಊರಿನಲ್ಲಿ ಯಾರೇ ತೀರಿಕೊಂಡರೂ ಶವ ದೇವಾಲಯದಿಂದ ಹೊರಡುವಾಗ ‘ಇನ್ ಪಾರಾದಿಸುಮ್’ ಎಂಬ ಪುಟ್ಟ ಗಾನವನ್ನು ಹಾಡುತ್ತಿದ್ದವರು ಅವರೇ. ಮೃತರನ್ನು ದೇವದೂತರು ಪರಲೋಕಕ್ಕೆ ಕರೆದೊಯ್ಯಲಿ, ರಕ್ತಸಾಕ್ಷಿಗಳು ಎದುರುಗೊಳ್ಳಲಿ ಎಂದು ಬೇಡುವ ಗಾನ ಅದು. ಅರ್ಥ ಗೊತ್ತಿಲ್ಲದವರೂ ಆ ರಾಗ ಕೇಳಿದೊಡನೆ ಎದ್ದು ನಿಲ್ಲುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಆ ಉಪದೇಶಿಯವರೇ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ನಾವೂ ಹೋಗಿದ್ದೆವು. ಗಾಯನವೃಂದದ ಯುವಕರು ಕೀಬೋರ್ಡು, ಧ್ವನಿವರ್ಧಕಗಳೊಡನೆ ಭಕ್ತಿಯಿಂದಲೇ ಹಾಡಿದರು. ಅವರನ್ನು ದೂರಲು ಏನೂ ಇರಲಿಲ್ಲ. ಆದರೆ ಶವಪೆಟ್ಟಿಗೆ ದೇವಾಲಯದ ಹೊಸ್ತಿಲು ದಾಟುವಾಗ ಧ್ವನಿವರ್ಧಕದ ತಂತಿ ಅಲ್ಲಿಗೆ ಮುಗಿದಿತ್ತು. ಅಲ್ಲಿಂದ ಸಮಾಧಿಯವರೆಗೆ ನಾವೆಲ್ಲರೂ ಮೌನವಾಗಿ ನಡೆದೆವು. ನೂರಾರು ಮಂದಿ ಇದ್ದೆವು, ಹಾಡಲು ಒಬ್ಬರಿಗೂ ಬಾಯಿ ಬರಲಿಲ್ಲ. ಊರಿನ ಎಲ್ಲರ ಪಾಲಿಗೆ ಹಾಡಿದ ವ್ಯಕ್ತಿಯ ಪಾಲಿಗೆ ಹಾಡುವವರು ಇರಲಿಲ್ಲ. ಅಂದಿನ ಆ ಮೌನವೇ ಈ ಲೇಖನಕ್ಕೆ ಪ್ರೇರಣೆ.

ಹಾಡುತ್ತಲೇ ಹುಟ್ಟಿದ ಧರ್ಮಸಭೆ

ಮೊದಲ ಬಲಿಪೂಜೆಯೇ ಹಾಡಿನೊಡನೆ ಮುಗಿಯಿತೆಂಬುದನ್ನು ನಾವು ಮರೆಯಬಾರದು. ಕಡೆಯ ಭೋಜನದ ನಂತರ ಪ್ರಭು ಯೇಸುವೂ ಶಿಷ್ಯರೂ ಕೀರ್ತನೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಟರೆಂದು ಸಂತ ಮತ್ತಾಯನು ಬರೆದಿದ್ದಾನೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಕಾಲಿಗೆ ಕೋಳ ಬಿದ್ದಿದ್ದರೂ ಪೌಲ ಮತ್ತು ಸೀಲರು ನಡುರಾತ್ರಿಯಲ್ಲಿ ದೇವಸ್ತುತಿ ಹಾಡಿದರು. ಸುಮಾರು ಕ್ರಿ.ಶ. 112ರಲ್ಲಿ ರೋಮನ್ ಅಧಿಕಾರಿ ಪ್ಲಿನಿಯು ಚಕ್ರವರ್ತಿ ತ್ರಾಜಾನನಿಗೆ ಕ್ರೈಸ್ತರ ಬಗ್ಗೆ ವರದಿ ಕಳುಹಿಸಿದನು. ಅವರು ಗೊತ್ತಾದ ದಿನ ಬೆಳಗಾಗುವ ಮುನ್ನ ಕೂಡಿ, ಕ್ರಿಸ್ತನನ್ನು ದೇವರೆಂದು ಭಾವಿಸಿ ಸರದಿಯಂತೆ ಸ್ತುತಿಗೀತೆ ಹಾಡುತ್ತಾರೆಂದು ಆ ವರದಿ ತಿಳಿಸುತ್ತದೆ. ಹೊರಗಿನವನೊಬ್ಬನ ಕಣ್ಣಿಗೆ ಬಿದ್ದ ಕ್ರೈಸ್ತರ ಮೊದಲ ಗುರುತುಗಳಲ್ಲಿ ಹಾಡೂ ಒಂದಾಗಿತ್ತು.

ಇನ್ನೊಂದು ಘಟನೆ ಮಿಲಾನ್ ನಗರದ್ದು. ಕ್ರಿ.ಶ. 386ರಲ್ಲಿ ಬಾಲ ಚಕ್ರವರ್ತಿಯ ತಾಯಿ ಜಸ್ಟಿನಾ, ಕ್ರಿಸ್ತನ ದೈವತ್ವವನ್ನು ಪೂರ್ಣವಾಗಿ ಒಪ್ಪದ ಆರಿಯನ್ ಪಂಥದವರಿಗೆ ದೇವಾಲಯವೊಂದನ್ನು ಬಿಟ್ಟುಕೊಡಬೇಕೆಂದು ಒತ್ತಾಯಿಸಿದಳು. ಧರ್ಮಾಧ್ಯಕ್ಷ ಸಂತ ಆಂಬ್ರೋಸರು ಒಪ್ಪಲಿಲ್ಲ. ಜನರು ತಮ್ಮ ಧರ್ಮಾಧ್ಯಕ್ಷರೊಡನೆ ಸಾಯಲೂ ಸಿದ್ಧರಾಗಿ ದೇವಾಲಯದಲ್ಲಿಯೇ ಹಗಲಿರುಳು ಕಾವಲು ಕೂತರು. ಭಯದಿಂದಲೂ ದಣಿವಿನಿಂದಲೂ ಅವರು ಕುಗ್ಗದಿರಲೆಂದು ಪೂರ್ವ ದೇಶಗಳ ಕ್ರಮದಂತೆ ಕೀರ್ತನೆಗಳನ್ನೂ ಸ್ತುತಿಗೀತೆಗಳನ್ನೂ ಅವರ ಬಾಯಿಗೆ ಕೊಡಲಾಯಿತು. ಆಂಬ್ರೋಸರೇ ನಾಲ್ಕು ಸಾಲಿನ ಚಿಕ್ಕ ಪದ್ಯಗಳಲ್ಲಿ ಗೀತೆಗಳನ್ನು ರಚಿಸಿದರು. ಕೂಲಿಕಾರರೂ ವ್ಯಾಪಾರಿಗಳೂ ಅಜ್ಜಿಯರೂ ಹಾಡಬಲ್ಲ ಹಾಡುಗಳು ಅವು.

ಆ ದಿನಗಳಲ್ಲಿ ಮಿಲಾನಿನಲ್ಲಿದ್ದ ಅಗಸ್ಟೀನರು ಮರುವರ್ಷ ಆಂಬ್ರೋಸರ ಕೈಯಿಂದಲೇ ಸ್ನಾನದೀಕ್ಷೆ ಪಡೆದರು. ಆ ಹಾಡುಗಳನ್ನು ಕೇಳಿ ತಾವು ಕಣ್ಣೀರಿಟ್ಟುದನ್ನು ಅವರು ತಮ್ಮ ‘ಅರಿಕೆಗಳು’ ಗ್ರಂಥದಲ್ಲಿ ಹೇಳಿಕೊಂಡಿದ್ದಾರೆ. ಅದೇ ಗ್ರಂಥದಲ್ಲಿ ಮುಂದೆ ಅವರು ಒಂದು ಅಳುಕನ್ನೂ ತೋಡಿಕೊಳ್ಳುತ್ತಾರೆ: ಹಾಡಿನ ಅರ್ಥಕ್ಕಿಂತ ಕಂಠದ ಇಂಪೇ ತಮ್ಮ ಮನಸ್ಸನ್ನು ಹೆಚ್ಚು ಸೆಳೆದರೆ ಅದು ದೋಷವಲ್ಲವೇ? ಹಾಡು ಬೇಕೋ ಬೇಡವೋ ಎಂದು ತೂಗಿ ನೋಡಿ, ಬೇಕೆಂಬ ಕಡೆಗೇ ಅವರು ವಾಲಿದರು. ಹಾಡು ಜನರ ಶಕ್ತಿ. ಹಾಡು ಪ್ರಾರ್ಥನೆಯನ್ನು ಮರೆಸಲೂ ಬಲ್ಲದು. ಧರ್ಮಸಭೆಯ ಸಂಗೀತದ ಚರಿತ್ರೆಯುದ್ದಕ್ಕೂ ಈ ಎರಡು ಸತ್ಯಗಳು ಜೊತೆಜೊತೆಯಾಗಿ ನಡೆದು ಬಂದಿವೆ.

ಗ್ರೆಗೋರಿಯನ್ ಗಾನ

ಪಾಶ್ಚಾತ್ಯ ಧರ್ಮಸಭೆಯ ಪ್ರಾಚೀನ ಗಾನಕ್ಕೆ ‘ಗ್ರೆಗೋರಿಯನ್ ಗಾನ’ ಎಂಬ ಹೆಸರಿದೆ. ಕ್ರಿ.ಶ. 590ರಿಂದ 604ರವರೆಗೆ ಜಗದ್ಗುರುವಾಗಿದ್ದ ಮಹಾ ಸಂತ ಗ್ರೆಗೋರಿಯವರ ಹೆಗಲ ಮೇಲೆ ಪಾರಿವಾಳ ರೂಪದಲ್ಲಿ ಪವಿತ್ರಾತ್ಮರು ಕುಳಿತು ಕಿವಿಯಲ್ಲಿ ಈ ರಾಗಗಳನ್ನು ಉಸುರಿದರೆಂಬ ಐತಿಹ್ಯವನ್ನು ಹಳೆಯ ಚಿತ್ರಗಳಲ್ಲಿ ಕಾಣಬಹುದು. ವಿದ್ವಾಂಸರು ಹೇಳುವ ಚರಿತ್ರೆ ಬೇರೆ. 754ರ ಹೊತ್ತಿಗೆ ಜಗದ್ಗುರು ಎರಡನೆಯ ಸ್ಟೀಫನ್ನರು ಫ್ರಾಂಕರ ಅರಸ ಪೆಪಿನನ ನಾಡಿಗೆ ಹೋದರು. ಅರಸನು ರೋಮಿನ ಆರಾಧನಾ ವಿಧಿಯನ್ನು ತನ್ನ ರಾಜ್ಯದಲ್ಲಿ ನೆಲೆಗೊಳಿಸಲು ಬಯಸಿದನು. ಅವನ ಮಗ ಶಾರ್ಲಮೇನನು ಆ ಕೆಲಸವನ್ನು ಮುಂದುವರಿಸಿದನು. ರೋಮಿನ ಗಾನವೂ ಫ್ರಾಂಕರ ನಾಡಿನ ಗಾನವೂ ಬೆರೆತು, 8 ಮತ್ತು 9ನೆಯ ಶತಮಾನಗಳಲ್ಲಿ ನಾವಿಂದು ಗ್ರೆಗೋರಿಯನ್ ಎನ್ನುವ ಗಾನ ರೂಪುಗೊಂಡಿತು.

ಈ ಗಾನದ ಲಕ್ಷಣಗಳು ಕನ್ನಡಿಗರ ಕಿವಿಗೆ ಅಪರಿಚಿತವಲ್ಲ. ಇದರಲ್ಲಿ ಒಂದೇ ಸ್ವರಧಾರೆ. ಹಲವು ದನಿಗಳ ಹೆಣಿಗೆಯಿಲ್ಲ. ತಾಳದ ಕಟ್ಟಿಲ್ಲ. ಮಾತಿನ ಉಸಿರೇ ಹಾಡಿನ ನಡಿಗೆ. ನಮ್ಮ ಹರಿದಾಸರ ಉಗಾಭೋಗವನ್ನು ತಾಳವಿಲ್ಲದೆ, ಸಾಹಿತ್ಯದ ಭಾವವನ್ನೇ ಅನುಸರಿಸಿ ಹಾಡುವುದನ್ನು ಕೇಳಿದವರಿಗೆ ಈ ಕ್ರಮ ಥಟ್ಟನೆ ಅರ್ಥವಾಗುತ್ತದೆ. ನಮ್ಮ ರಾಗಗಳನ್ನು ನೆನಪಿಸುವ ಎಂಟು ಬಗೆಯ ಸ್ವರಪದ್ಧತಿಗಳು ಇದರಲ್ಲಿವೆ. ಪ್ರತಿಯೊಂದಕ್ಕೂ ಮುಕ್ತಾಯದ ಸ್ವರ ಒಂದು, ಪಠಣ ನಿಲ್ಲುವ ಸ್ವರ ಇನ್ನೊಂದು. ಕೀರ್ತನೆಗಳನ್ನು ಹಾಡುವಾಗ ಒಂದೇ ಸ್ವರದ ಮೇಲೆ ಮಾತುಗಳು ಸಾಗಿ, ಸಾಲಿನ ನಡುವೆ ಒಂದು ಸಣ್ಣ ತಿರುವು, ಕೊನೆಯಲ್ಲಿ ಇನ್ನೊಂದು ತಿರುವು ಪಡೆಯುತ್ತವೆ. ಹತ್ತು ನಿಮಿಷದಲ್ಲಿ ಮಗುವೂ ಕಲಿಯಬಲ್ಲ ಸರಳ ಕ್ರಮ ಇದು.

ಎಲ್ಲವೂ ಅಷ್ಟೇ ಸರಳವೆಂದಲ್ಲ. ಅಲ್ಲೆಲೂಯ ಗಾನದ ಕೊನೆಯ ‘ಅ’ಕಾರವು ಹತ್ತಾರು ಸ್ವರಗಳಲ್ಲಿ ಹಬ್ಬಿಕೊಂಡು, ಮಾತು ಸಾಲದೆ ಹೋದ ಸಂತೋಷದಂತೆ ಆಲಾಪನೆಯಾಗಿ ಹರಿಯುತ್ತದೆ. ತಪಸ್ಸುಕಾಲದ ನಲವತ್ತು ದಿನ ಅದೇ ಅಲ್ಲೆಲೂಯವನ್ನು ಧರ್ಮಸಭೆ ಬಾಯಿಗೇ ತರುವುದಿಲ್ಲ. ಪಾಸ್ಕ ಜಾಗರಣೆಯ ರಾತ್ರಿ ಅದು ಮರಳಿ ಕೇಳಿಬಂದಾಗ ಉಂಟಾಗುವ ರೋಮಾಂಚನವನ್ನು ನಮ್ಮ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ.

ಸ್ವರಗಳಿಗೆ ಹೆಸರಿಟ್ಟ ಸನ್ಯಾಸಿ

ಹಲವು ಶತಮಾನ ಈ ಗಾನರಾಶಿ ಬಾಯಿಂದ ಬಾಯಿಗೇ ಸಾಗಿತು. ಅದನ್ನೆಲ್ಲ ಕಂಠಸ್ಥ ಮಾಡಲು ಮಠಗಳ ಗಾಯಕರು ವರ್ಷಗಟ್ಟಲೆ ದುಡಿಯುತ್ತಿದ್ದರು. 9ನೆಯ ಶತಮಾನದಿಂದ ಸಾಹಿತ್ಯದ ಮೇಲೆ ‘ನ್ಯೂಮ್’ ಎಂಬ ಸಣ್ಣ ಗೀರುಗಳನ್ನು ಹಾಕುವ ಕ್ರಮ ಕಾಣಿಸಿಕೊಂಡಿತು. ಸ್ವರ ಮೇಲೇರುತ್ತದೋ ಕೆಳಗಿಳಿಯುತ್ತದೋ ಎಂಬುದನ್ನು ಆ ಗೀರು ಸೂಚಿಸುತ್ತಿತ್ತು. ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬುದನ್ನಲ್ಲ. ಮೊದಲೇ ಬಲ್ಲವರಿಗೆ ಅದು ನೆನಪಿನ ಊರುಗೋಲು, ಅಷ್ಟೇ.

ಇಟಲಿಯ ಬೆನೆಡಿಕ್ಟೀನ್ ಸನ್ಯಾಸಿ ಅರೆತ್ಸೋ ಊರಿನ ಗೀದೋ ಅವರು 11ನೆಯ ಶತಮಾನದ ಆರಂಭದಲ್ಲಿ ಇದಕ್ಕೆ ಪರಿಹಾರ ಕಂಡರು. ಜೀವಮಾನವೆಲ್ಲ ಹಾಡಿದರೂ ಗುರುವಿನ ನೆರವಿಲ್ಲದೆ ಒಂದು ಚಿಕ್ಕ ಪಲ್ಲವಿಯನ್ನೂ ಹಾಡಲಾರದ ಗಾಯಕರನ್ನು ಕಂಡು ಮರುಗಿದ ಅವರು, ಗೆರೆಗಳನ್ನೆಳೆದು ಗೆರೆಯ ಮೇಲೂ ಗೆರೆಗಳ ನಡುವೆಯೂ ಸ್ವರಗಳನ್ನು ಕೂರಿಸುವ ಕ್ರಮವನ್ನು ಬಳಕೆಗೆ ತಂದರು. ಸ್ನಾನಿಕ ಸಂತ ಯೊವಾನ್ನರ ಹಬ್ಬದ ಒಂದು ಲತೀನ್ ಗೀತೆಯಲ್ಲಿ ಮೊದಲ ಆರು ಪದಪುಂಜಗಳು ಒಂದಕ್ಕಿಂತ ಒಂದು ಒಂದು ಮೆಟ್ಟಿಲು ಮೇಲಿನ ಸ್ವರದಿಂದ ಆರಂಭವಾಗುತ್ತವೆ. ಅವುಗಳ ಮೊದಲ ಅಕ್ಷರಗಳಾದ ಉತ್, ರೆ, ಮಿ, ಫಾ, ಸೋಲ್, ಲಾ ಎಂಬುವನ್ನೇ ಗೀದೋ ಸ್ವರಗಳ ಹೆಸರಾಗಿಸಿದರು. ನಮ್ಮ ಸ-ರಿ-ಗ-ಮದಂತೆ ಪಾಶ್ಚಾತ್ಯ ಸಂಗೀತದ ವಿದ್ಯಾರ್ಥಿಗಳು ಇಂದು ಮೊದಲ ಪಾಠವಾಗಿ ಹೇಳುವ ದೋ-ರೆ-ಮಿ ಹೀಗೆ ದೇವಾಲಯದ ಗೀತೆಯೊಂದರಿಂದ ಹುಟ್ಟಿತು. ‘ಉತ್’ ಮುಂದೆ ‘ದೋ’ ಆಯಿತು.

ಜಗದ್ಗುರು 19ನೆಯ ಜಾನರು ಗೀದೋರನ್ನು ರೋಮಿಗೆ ಕರೆಸಿಕೊಂಡರು. ಹೊಸ ಕ್ರಮದಲ್ಲಿ ಬರೆದ ಪುಸ್ತಕವನ್ನು ತಿರುವಿ ನೋಡಿ, ತಾವು ಹಿಂದೆಂದೂ ಕೇಳಿರದ ಒಂದು ಗಾನದ ಸಾಲನ್ನು ಜಗದ್ಗುರುಗಳು ಸ್ವತಃ ಹಾಡಿ ಅಚ್ಚರಿಗೊಂಡರೆಂದು ಗೀದೋ ತಮ್ಮ ಮಿತ್ರರೊಬ್ಬರಿಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. ಹಾಡು ಕೆಲವರ ಗುಟ್ಟಾಗಿ ಉಳಿಯದೆ ಯಾರೂ ಕಲಿಯಬಹುದಾದ ವಿದ್ಯೆಯಾಗಲಿ ಎಂಬ ಹಂಬಲವೇ ಈ ಮಹತ್ತರ ಶೋಧನೆಗೆ ಕಾರಣವಾಯಿತು.

ಹಾಡು ನಿಂತ ಮಠ

ಹಾಡಿಲ್ಲದ ಆರಾಧನೆ ಎಂತಹ ನೋವೆಂಬುದನ್ನು ಜರ್ಮನಿಯ ಸಂತ ಹಿಲ್ಡೆಗಾರ್ಡ್ (1098-1179) ಅವರ ಬಾಳು ತಿಳಿಸುತ್ತದೆ. ಕನ್ಯಾಮಠದ ಶ್ರೇಷ್ಠಿಯಾಗಿದ್ದ ಅವರು ತಮ್ಮ ಸಹೋದರಿಯರಿಗಾಗಿ 70ಕ್ಕೂ ಹೆಚ್ಚು ಗಾನಗಳನ್ನು ರಚಿಸಿದವರು. ಒಮ್ಮೆ ಧರ್ಮಸಭೆಯಿಂದ ಬಹಿಷ್ಕೃತನಾಗಿದ್ದ ವ್ಯಕ್ತಿಯೊಬ್ಬನ ಶವಕ್ಕೆ ಮಠದ ಸ್ಮಶಾನದಲ್ಲಿ ಜಾಗ ಕೊಟ್ಟರೆಂದು ಮೈಂಜ್ ನಗರದ ಧರ್ಮಾಧಿಕಾರಿಗಳು ಆಕ್ಷೇಪವೆತ್ತಿದರು. ಆತ ಸಾಯುವ ಮುನ್ನ ಧರ್ಮಸಭೆಯೊಡನೆ ಸಂಧಾನವಾಗಿದ್ದನೆಂದು ಹಿಲ್ಡೆಗಾರ್ಡ್ ವಾದಿಸಿದರೂ ಕೇಳದೆ, 1178ರಲ್ಲಿ ಮಠದಲ್ಲಿ ಹಾಡನ್ನು ನಿಷೇಧಿಸಿದರು. ಸಹೋದರಿಯರು ಪ್ರಾರ್ಥನಾವಿಧಿಯನ್ನು ಬಾಗಿಲು ಮುಚ್ಚಿ, ತಗ್ಗಿದ ದನಿಯಲ್ಲಿ ಓದಬೇಕಾಯಿತು.

ಎಂಬತ್ತರ ವಯಸ್ಸಿನ ಹಿಲ್ಡೆಗಾರ್ಡ್ ಆದೇಶವನ್ನು ಪಾಲಿಸಿದರು. ಆದರೆ ಸುಮ್ಮನಿರಲಿಲ್ಲ. ಆದಾಮನು ಪಾಪಕ್ಕೆ ಮೊದಲು ದೇವದೂತರೊಡನೆ ಹಾಡುತ್ತಿದ್ದನು, ಕಳೆದುಕೊಂಡ ಆ ದನಿಯನ್ನು ಮಾನವರು ಮರಳಿ ಪಡೆಯುವುದು ದೇವಸ್ತುತಿಯಲ್ಲಿ, ಅದನ್ನು ತಕ್ಕ ಕಾರಣವಿಲ್ಲದೆ ನಿಲ್ಲಿಸುವವರು ದೇವರಿಗೆ ಉತ್ತರ ಹೇಳಬೇಕಾದೀತು ಎಂಬ ಅರ್ಥದ ಪತ್ರವನ್ನು ಅಧಿಕಾರಿಗಳಿಗೆ ಬರೆದರು. 1179ರಲ್ಲಿ ನಿಷೇಧ ತೆರವಾಯಿತು. ಅದೇ ವರ್ಷ ಅವರು ದೇವರ ಪಾದ ಸೇರಿದರು. 2012ರಲ್ಲಿ ಜಗದ್ಗುರು 16ನೆಯ ಬೆನೆಡಿಕ್ಟರು ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಅಂದು ಹಾಡಿನ ನಿಷೇಧ ಒಂದು ಶಿಕ್ಷೆಯಾಗಿತ್ತು. ಇಂದು ಯಾರೂ ನಿಷೇಧಿಸದೆಯೇ ನಾವು ಬಾಯಿ ಮುಚ್ಚಿ ನಿಲ್ಲುತ್ತೇವೆ.

ಜನರು ಕೇಳುಗರಾದ ಬಗೆ

ಜನರ ಮೌನ ಒಂದೇ ದಿನದಲ್ಲಿ ಬಂದುದಲ್ಲ. ಲತೀನ್ ಜನಬಳಕೆಯಿಂದ ದೂರವಾದಂತೆ ಹಾಡು ಯಾಜಕರ ಮತ್ತು ನುರಿತ ಗಾಯಕರ ಪಾಲಾಯಿತು. ಪ್ಯಾರಿಸಿನ ನೋತ್ರ್ ದಾಮ್ ದೇವಾಲಯದಲ್ಲಿ 1200ರ ಸುಮಾರಿಗೆ ಮೂರು ನಾಲ್ಕು ದನಿಗಳು ಏಕಕಾಲಕ್ಕೆ ಬೇರೆ ಬೇರೆ ಸ್ವರಗಳಲ್ಲಿ ಸಾಗುವ ಬಹುಧ್ವನಿ ಸಂಗೀತ ಅರಳಿತು. ಅದು ಮಾನವಕುಲದ ದೊಡ್ಡ ಕಲಾಸಂಪತ್ತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ದನಿಗಳು ಹೆಚ್ಚಿದಂತೆ ಮಾತು ಮರೆಯಾಗತೊಡಗಿತು. 14ನೆಯ ಶತಮಾನದಲ್ಲಿಯೇ ಜಗದ್ಗುರು 22ನೆಯ ಜಾನರು ಗಾಯಕರು ಮೂಲ ಗಾನವನ್ನು ತುಂಡರಿಸಿ ಮಸುಕುಗೊಳಿಸುತ್ತಾರೆಂದು ಆಕ್ಷೇಪಿಸಿದ್ದರು.

1555ರಲ್ಲಿ ಕೇವಲ 22 ದಿನ ಜಗದ್ಗುರುವಾಗಿದ್ದ ಎರಡನೆಯ ಮಾರ್ಸೆಲಸರ ಪ್ರಸಂಗ ಸ್ವಾರಸ್ಯವಾದುದು. ಶುಭ ಶುಕ್ರವಾರದ ಆರಾಧನೆ ಮುಗಿದ ಮೇಲೆ ಅವರು ತಮ್ಮ ದೇವಾಲಯದ ಗಾಯಕರನ್ನು ಕರೆಸಿ, ಪ್ರಭುವಿನ ಯಾತನೆಯ ದಿನದ ಹಾಡು ಆ ದಿನಕ್ಕೆ ತಕ್ಕಂತಿರಬೇಕು, ಮಾತುಗಳು ಕೇಳುವವರಿಗೆ ತಿಳಿಯುವಂತಿರಬೇಕು ಎಂದು ಆದೇಶಿಸಿದರು. ಟ್ರೆಂಟಿನ ಮಹಾಸಭೆ 1562ರಲ್ಲಿ ವಿಲಾಸದ, ಅಶುದ್ಧವಾದ ಸಂಗೀತವನ್ನು ದೇವಾಲಯದಿಂದ ದೂರವಿರಿಸಬೇಕೆಂದು ವಿಧಿಸಿತು. ಪಾಲೆಸ್ಟ್ರೀನಾ ಅವರು ಅದೇ ಮಾರ್ಸೆಲಸರ ಹೆಸರಿನಲ್ಲಿ ರಚಿಸಿದ ಪೂಜಾಸಂಗೀತ 1567ರಲ್ಲಿ ಅಚ್ಚಾಯಿತು. ಆರು ದನಿಗಳಿದ್ದರೂ ಅದರ ಮಾತು ಬಹುಮಟ್ಟಿಗೆ ತಿಳಿಯಾಗಿ ಕೇಳುತ್ತದೆ. ಆದರೂ ಜನರು ಕೇಳುಗರಾಗಿಯೇ ಉಳಿದರು. ಮುಂದೆ ಯುರೋಪಿನ ಅನೇಕ ದೇವಾಲಯಗಳಲ್ಲಿ ನಾಟಕಶಾಲೆಯ ಸಂಗೀತವೇ ಮೇಲುಗೈ ಪಡೆಯಿತು.

ಮಠದ ಶ್ರಮ, ಜಗದ್ಗುರುವಿನ ಆದೇಶ

ಮರೆತುಹೋದ ಗಾನಕ್ಕೆ ಮರುಹುಟ್ಟು ಬಂದುದು ಫ್ರಾನ್ಸಿನ ಸೊಲೆಮ್ ಮಠದಿಂದ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಬರಿದಾಗಿದ್ದ ಆ ಮಠವನ್ನು 1833ರಲ್ಲಿ ಗುರು ಪ್ರೊಸ್ಪೆರ್ ಗೆರಾಂಜೆ ಅವರು ಪುನಃ ಆರಂಭಿಸಿದರು. ಅಂದು ಅಚ್ಚಿನಲ್ಲಿದ್ದ ಗಾನಪುಸ್ತಕಗಳಲ್ಲಿ ಹಳೆಯ ರಾಗಗಳನ್ನು ಕತ್ತರಿಸಿ ಮೊಟಕುಗೊಳಿಸಲಾಗಿತ್ತು. ಮೂಲ ತಿಳಿಯಲು ಮಠದವರು ಯುರೋಪಿನ ಗ್ರಂಥಾಲಯಗಳ ಹಸ್ತಪ್ರತಿಗಳನ್ನು ಹುಡುಕಿ, ನಕಲು ಮಾಡಿ, ಒಂದಕ್ಕೊಂದು ಹೋಲಿಸತೊಡಗಿದರು. 1847ರಲ್ಲಿ ಮಾಂಪೆಲಿಯೇ ನಗರದಲ್ಲಿ ಬೆಳಕಿಗೆ ಬಂದ 11ನೆಯ ಶತಮಾನದ ಒಂದು ಹಸ್ತಪ್ರತಿಯಲ್ಲಿ ಹಳೆಯ ಗೀರುಗಳ ಜೊತೆಗೆ ಸ್ವರಗಳನ್ನು ತಿಳಿಸುವ ಅಕ್ಷರಗಳೂ ಇದ್ದವು. ಬೀಗಕ್ಕೆ ಕೀಲಿಕೈ ಸಿಕ್ಕಂತಾಯಿತು. 1889ರಿಂದ ಗುರು ಆಂದ್ರೆ ಮೊಕ್‌ರೋ ಅವರ ನೇತೃತ್ವದಲ್ಲಿ ಆ ಹಸ್ತಪ್ರತಿಗಳ ಛಾಯಾಚಿತ್ರಗಳೇ ಸಂಪುಟಗಳಾಗಿ ಹೊರಬಂದವು. ಸರ್ಕಾರದ ಕಾನೂನುಗಳಿಂದಾಗಿ 1901ರಲ್ಲಿ ಮಠದವರು ದೇಶ ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು, 1922ರಲ್ಲಷ್ಟೇ ಮರಳಿದರು. ಆ ವನವಾಸದಲ್ಲಿಯೂ ಕೆಲಸ ನಿಲ್ಲಲಿಲ್ಲ.

ಈ ಶ್ರಮಕ್ಕೆ ಮುದ್ರೆಯೊತ್ತಿದವರು ಸಂತ ಹತ್ತನೆಯ ಭಕ್ತಿನಾಥರು, ಅಂದರೆ ಹತ್ತನೆಯ ಪಯಸ್. ಬಡ ಕುಟುಂಬದಲ್ಲಿ ಹುಟ್ಟಿ ವರ್ಷಗಟ್ಟಲೆ ಹಳ್ಳಿಯ ಗುರುಗಳಾಗಿ ದುಡಿದಿದ್ದ ಅವರು 1903ರ ಆಗಸ್ಟಿನಲ್ಲಿ ಜಗದ್ಗುರುವಾದರು. ನಾಲ್ಕು ತಿಂಗಳೊಳಗೆ, ನವೆಂಬರ್ 22ರಂದು, ಸಿಸಿಲಿಯಮ್ಮನವರ ಹಬ್ಬದ ದಿನವೇ ಪವಿತ್ರ ಸಂಗೀತದ ಬಗ್ಗೆ ಆದೇಶ ಹೊರಡಿಸಿದರು. ನಾಟಕೀಯ ಶೈಲಿಯನ್ನೂ ಗದ್ದಲದ ವಾದ್ಯಗಳನ್ನೂ ದೇವಾಲಯದಿಂದ ಹೊರಗಿಡಬೇಕು; ಗ್ರೆಗೋರಿಯನ್ ಗಾನವನ್ನು ಜನರ ಬಳಕೆಗೆ ಮರಳಿ ತರಬೇಕು; ಪ್ರಾಚೀನ ಕಾಲದಲ್ಲಿದ್ದಂತೆ ವಿಶ್ವಾಸಿಗಳು ಆರಾಧನೆಯಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳಬೇಕು ಎಂಬುದು ಅದರ ತಿರುಳು. ‘ಸಕ್ರಿಯ ಪಾಲ್ಗೊಳ್ಳುವಿಕೆ’ ಎಂದರೆ ಎರಡನೆಯ ವ್ಯಾಟಿಕನ್ ಮಹಾಸಭೆಯ ಮಾತೆಂದು ನಾವು ತಿಳಿದಿದ್ದೇವೆ. ಅದಕ್ಕೆ 60 ವರ್ಷ ಮೊದಲೇ, ಹಾಡಿನ ಸಂದರ್ಭದಲ್ಲಿಯೇ ಅದು ಮೊಳಗಿತ್ತು. ಆ ಆದೇಶಕ್ಕೂ ಕಾಲದ ಮಿತಿಯಿತ್ತು: ಸ್ತ್ರೀಯರಿಗೆ ಗಾಯನವೃಂದದಲ್ಲಿ ಅದು ಸ್ಥಾನ ಕೊಡಲಿಲ್ಲ. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸರು ಆ ಬಾಗಿಲನ್ನು ಸ್ವಲ್ಪ ತೆರೆದರು. ಇಂದು ನಮ್ಮ ಗಾಯನವೃಂದಗಳ ಜೀವಾಳವೇ ಹೆಣ್ಣುಮಕ್ಕಳು.

ಮಹಾಸಭೆ ಹೇಳಿದ್ದೇನು?

ಟ್ರೆಂಟಿನ ಮಹಾಸಭೆ ಮುಕ್ತಾಯವಾಗಿ ಸರಿಯಾಗಿ 400 ವರ್ಷ ತುಂಬಿದ ದಿನ, 1963ರ ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯ ಆರಾಧನಾ ಸಂವಿಧಾನ ಹೊರಬಂದಿತು. ಅದರ ಆರನೆಯ ಅಧ್ಯಾಯ ಪೂರ್ಣವಾಗಿ ಸಂಗೀತಕ್ಕೇ ಮೀಸಲು. ಮಹಾಸಭೆಯು ಲತೀನ್ ಗಾನವನ್ನು ಹೊರಹಾಕಿತೆಂದು ಹಲವರು ತಿಳಿದಿದ್ದಾರೆ, ಇದು ಸರಿಯಲ್ಲ. ರೋಮನ್ ಆರಾಧನೆಗೆ ಗ್ರೆಗೋರಿಯನ್ ಗಾನ ಸಹಜವಾದುದೆಂದೂ ಇತರ ಪರಿಸ್ಥಿತಿಗಳು ಸಮಾನವಾಗಿದ್ದಲ್ಲಿ ಅದಕ್ಕೆ ಅಗ್ರಸ್ಥಾನ ಸಲ್ಲಬೇಕೆಂದೂ 116ನೆಯ ಕಲಮು ಹೇಳುತ್ತದೆ. ಜನರು ತಮಗೆ ಸಲ್ಲುವ ಪೂಜಾಭಾಗಗಳನ್ನು ಲತೀನಿನಲ್ಲಿಯೂ ಕೂಡಿ ಹೇಳಲು ಅಥವಾ ಹಾಡಲು ಬಲ್ಲವರಾಗಿರಬೇಕೆಂದು 54ನೆಯ ಕಲಮು ಹೇಳುತ್ತದೆ. ಜೊತೆಗೇ ಪ್ರತಿ ಜನಾಂಗದ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದು 119ನೆಯ ಕಲಮು ವಿಧಿಸುತ್ತದೆ. ಒಂದನ್ನು ತಂದು ಇನ್ನೊಂದನ್ನು ಅಟ್ಟಬೇಕೆಂಬುದು ಮಹಾಸಭೆಯ ಆಶಯವಾಗಿರಲಿಲ್ಲ.

ಕನ್ನಡದಲ್ಲಿ ಪೂಜೆ ಆರಂಭವಾದಾಗ ನಮ್ಮ ಹಿರಿಯರು ಪಟ್ಟ ಸಂತೋಷ ಸಣ್ಣದಲ್ಲ. ದೇವರೊಡನೆ ತಾಯಿನುಡಿಯಲ್ಲಿ ಮಾತನಾಡುವ ಹಕ್ಕು ದೊರೆತ ದಿನ ಅದು. ಹಾರ್ಮೋನಿಯಂ, ತಬಲಗಳು ದೇವಾಲಯದೊಳಕ್ಕೆ ಬಂದವು. ಭಜನೆಯ ಧಾಟಿಯ ಹಾಡುಗಳು ಹುಟ್ಟಿದವು. 1967ರಲ್ಲಿ ಬೆಂಗಳೂರಿನಲ್ಲಿ ಗುರು ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವು ಭಾರತೀಯ ರೀತಿಯ ಆರಾಧನೆಗೆ ಇಡೀ ದೇಶಕ್ಕೆ ದಾರಿ ತೋರಿತು. ಇವೆಲ್ಲವೂ ನಮ್ಮ ಭಾಗ್ಯ. ಆದರೆ ಹಳೆಯದನ್ನು ಕಾಯ್ದುಕೊಳ್ಳುವ ಕೆಲಸ ನಮ್ಮಿಂದಾಗಲಿಲ್ಲ. 1974ರಲ್ಲಿ ಜಗದ್ಗುರು ಆರನೆಯ ಪೌಲರು ಎಲ್ಲರೂ ಕಲಿಯಬಲ್ಲ ಸುಲಭ ಗಾನಗಳ ‘ಯುಬಿಲಾತೆ ದೇಯೊ’ ಎಂಬ ಕಿರುಪುಸ್ತಕವನ್ನು ಜಗತ್ತಿನ ಧರ್ಮಾಧ್ಯಕ್ಷರಿಗೆಲ್ಲ ಉಡುಗೊರೆಯಾಗಿ ಕಳುಹಿಸಿದರು. ಅದರ ಹೆಸರನ್ನು ಕೇಳಿದವರೂ ಇಂದು ನಮ್ಮಲ್ಲಿ ವಿರಳ.

ಚಿಕ್ಕ ಉತ್ತರದಿಂದ ಆರಂಭ

ನಮ್ಮ ಪ್ರಶ್ನೆ ಲತೀನೋ ಕನ್ನಡವೋ ಎಂಬುದಲ್ಲ. ಹಾಡುವವರು ಯಾರು ಎಂಬುದು. ಲತೀನಿನ ಕಾಲದಲ್ಲಿ ಭಾಷೆ ತಿಳಿಯದೆ ಜನ ಸುಮ್ಮನಿದ್ದರೆಂದು ನಾವು ಹೇಳುತ್ತೇವೆ. ಈಗ ಭಾಷೆ ತಿಳಿದಿದೆ, ಆದರೂ ಸುಮ್ಮನಿದ್ದೇವೆ. ವಾರಕ್ಕೊಂದು ಹೊಸ ಹಾಡು. ಕಲಿಯುವ ಮುನ್ನವೇ ಅದು ಹಳತಾಗುತ್ತದೆ. ಸಿನಿಮಾ ಧಾಟಿಗೆ ಕೀಬೋರ್ಡು ತಾನೇ ತಾಳ ಹಾಕುತ್ತದೆ. ಎಂಟು ಮಂದಿಯ ದನಿ ಧ್ವನಿವರ್ಧಕದಲ್ಲಿ ಎಂಟುನೂರು ಮಂದಿಯ ದನಿಯನ್ನು ನುಂಗುತ್ತದೆ. ಗಾಯನವೃಂದದ ಮಕ್ಕಳನ್ನು ನಾವು ದೂರುತ್ತಿಲ್ಲ. ವಾರದ ಬಿಡುವನ್ನು ದೇವಾಲಯಕ್ಕೆ ಕೊಡುವವರು ಅವರು. ಅವರ ಮೇಲೆ ಎಲ್ಲ ಭಾರ ಹೊರಿಸಿ ಕೈಕಟ್ಟಿ ನಿಂತವರು ನಾವು.

1967ರ ಮಾರ್ಚ್ 5ರಂದು ರೋಮಿನಿಂದ ಬಂದ ‘ಮೂಸಿಕಾಮ್ ಸಾಕ್ರಮ್’ ಎಂಬ ನಿರ್ದೇಶನದಲ್ಲಿ ಇದಕ್ಕೆ ಮದ್ದಿದೆ. ಯಾವುದನ್ನು ಮೊದಲು ಹಾಡಬೇಕೆಂಬುದನ್ನು ಅದು ಮೂರು ಹಂತಗಳಾಗಿ ವಿಂಗಡಿಸುತ್ತದೆ. ಮೊದಲನೆಯದು ಗುರುಗಳಿಗೂ ಜನರಿಗೂ ನಡುವಣ ಸಂಭಾಷಣೆ: ವಂದನೆ ಮತ್ತು ಅದರ ಪ್ರತ್ಯುತ್ತರ, ಪ್ರಾರ್ಥನೆಗಳ ಕೊನೆಯ ಆಮೆನ್, ಶುಭಸಂದೇಶದ ಘೋಷಗಳು, ಸ್ತೋತ್ರಾರಂಭದ ಸಂವಾದ, ‘ಪವಿತ್ರ, ಪವಿತ್ರ’, ಪ್ರಭುವಿನ ಪ್ರಾರ್ಥನೆ. ಎರಡನೆಯದರಲ್ಲಿ ಕರುಣಾಪ್ರಾರ್ಥನೆ, ಮಹಿಮಾಗೀತೆ, ವಿಶ್ವಾಸ ಪ್ರಕಟಣೆ ಮುಂತಾದುವು. ಪ್ರವೇಶ, ಕಾಣಿಕೆ, ಪರಮಪ್ರಸಾದದ ಹಾಡುಗಳು ಬರುವುದು ಮೂರನೆಯದರಲ್ಲಿ. ಮೊದಲನೆಯದು ಇಲ್ಲದೆ ಉಳಿದವು ಇರಕೂಡದೆಂದೂ ಅದು ಹೇಳುತ್ತದೆ. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತಲೆಕೆಳಗು: ಮೂರನೆಯ ಹಂತದ ಹಾಡುಗಳಿಗೇ ಎಲ್ಲ ಸಿದ್ಧತೆ, ಮೊದಲ ಹಂತವನ್ನು ಗೊಣಗಿ ಮುಗಿಸುತ್ತೇವೆ.

ಇದನ್ನು ಸರಿಪಡಿಸಲು ಹಣ ಬೇಕಿಲ್ಲ, ವಾದ್ಯ ಬೇಕಿಲ್ಲ. ಗುರುಗಳು ಹಾಡಿ ವಂದಿಸಿದರೆ ನಾವು ಹಾಡಿ ಉತ್ತರಿಸಬೇಕು. ಎರಡು ಮೂರು ಸ್ವರಗಳ ಕೆಲಸ. ಆಗಮನಕಾಲಕ್ಕೆ ಒಂದು, ತಪಸ್ಸುಕಾಲಕ್ಕೆ ಒಂದು ಎಂದು ‘ಪವಿತ್ರ’ದ ಧಾಟಿಯನ್ನು ನಿಗದಿ ಮಾಡಿ ಆ ಕಾಲ ಮುಗಿಯುವವರೆಗೂ ಬದಲಿಸದಿದ್ದರೆ ಅಜ್ಜಿಯರೂ ಮಕ್ಕಳೂ ಕಲಿಯುತ್ತಾರೆ. ಗಾಯನವೃಂದದವರು ಒಂದು ಚರಣದಲ್ಲಿ ಧ್ವನಿವರ್ಧಕವನ್ನು ತಗ್ಗಿಸಿ ಜನರ ದನಿಗೆ ಜಾಗ ಬಿಡಬಹುದು. ಧರ್ಮೋಪದೇಶದ ತರಗತಿಯಲ್ಲಿ ಹತ್ತು ನಿಮಿಷ ಹಾಡಿಗೆ ಮೀಸಲಿಡಬಹುದು. ಮನೆಗಳಲ್ಲಿ ರಾತ್ರಿಯ ಜಪಸರದ ಬಳಿಕ ಒಂದು ಕೀರ್ತನೆಯನ್ನು ತಂದೆತಾಯಿ ಮಕ್ಕಳು ಕೂಡಿ ಹಾಡಬಹುದು. ನಮ್ಮಲ್ಲಿ ಇನ್ನೂ ಉಳಿದಿರುವ ಹಳೆಯ ಸಂಪತ್ತೂ ಸ್ವಲ್ಪ ಇದೆ. ಪರಮಪ್ರಸಾದದ ಆಶೀರ್ವಾದದ ವೇಳೆ ಅನೇಕ ಕಡೆ ಇಂದಿಗೂ ಕೇಳಿಬರುವ ‘ತಾಂತುಮ್ ಎರ್ಗೊ’ ಗೀತೆ, ಸಂತ ಥಾಮಸ್ ಅಕ್ವಿನಾಸರು ರಚಿಸಿದರೆಂದು ಹೇಳಲಾಗುವ, ಪವಿತ್ರ ಗುರುವಾರದ ಮೆರವಣಿಗೆಯಲ್ಲಿ ಹಾಡುವ ದೀರ್ಘ ಗೀತೆಯ ಕೊನೆಯ ಎರಡು ಚರಣ. ಅದನ್ನು ಬಲ್ಲ ಹಿರಿಯರು ಇರುವಾಗಲೇ ಕಿರಿಯರು ಕಲಿತುಕೊಳ್ಳಲಿ.

2025ರ ಏಪ್ರಿಲ್ 26ರಂದು ಜಗದ್ಗುರು ಫ್ರಾನ್ಸಿಸರ ಅಂತ್ಯಸಂಸ್ಕಾರವನ್ನು ಜಗತ್ತಿನ ಕೋಟ್ಯಂತರ ಮಂದಿಯಂತೆ ನಾವೂ ದೂರದರ್ಶನದಲ್ಲಿ ನೋಡಿದೆವು. ಶವಪೆಟ್ಟಿಗೆಯನ್ನು ಕೊಂಡೊಯ್ಯುವಾಗ ‘ಇನ್ ಪಾರಾದಿಸುಮ್’ ಕೇಳಿಬಂದಿತು. ಸ್ವಲ್ಪ ಹೊತ್ತಿನಲ್ಲೇ ನಮಗೊಂದು ಕರೆ ಬಂತು. ಮಾತನಾಡಿದವಳು ಆ ಉಪದೇಶಿಯವರ ಮೊಮ್ಮಗಳು. “ಕೇಳಿದ್ರಾ ಅಂಕಲ್? ಅದು ನಮ್ಮ ತಾತನ ಹಾಡು” ಎಂದಳು. ರಟ್ಟಿನ ಪುಸ್ತಕ ಅವಳ ಬಳಿಯೇ ಇದೆ. ಅದೇ ಮೇ 11ರಂದು ಹೊಸ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಸಂತ ಪೇತ್ರರ ದೇವಾಲಯದ ಮೊಗಸಾಲೆಯಿಂದ ಮಾತೆ ಮರಿಯಮ್ಮನವರ ಪಾಸ್ಕಗೀತೆಯನ್ನು ಯಾವ ವಾದ್ಯದ ನೆರವೂ ಇಲ್ಲದೆ ಹಾಡಿದಾಗ, ಅವಳು ಅದನ್ನೂ ಕೇಳಿ ಕಲಿತುಕೊಂಡಳು.

ಈಗ ಆಕೆ ತನ್ನ ಊರಿನ ಗಾಯನವೃಂದದ ಮಕ್ಕಳಿಗೆ ತಾತನ ಪುಸ್ತಕದಿಂದ ಒಂದೊಂದೇ ಹಾಡು ಹೇಳಿಕೊಡುತ್ತಿದ್ದಾಳೆ. ಕನ್ನಡದ್ದೂ ಇದೆ, ಲತೀನಿನದ್ದೂ ಇದೆ. ಮುಂದೆ ಆ ಊರಿನಿಂದ ಶವವೊಂದು ಸಮಾಧಿಗೆ ಹೊರಟಾಗ ಧ್ವನಿವರ್ಧಕದ ತಂತಿ ಮುಗಿದಲ್ಲಿಗೆ ಹಾಡೂ ಮುಗಿಯಲಾರದೆಂಬ ಭರವಸೆ ನಮಗಿದೆ. ನಮ್ಮ ನಮ್ಮ ಊರುಗಳಲ್ಲಿಯೂ ಹೀಗೆಯೇ ಆಗಬೇಕಾದರೆ, ಬರುವ ಭಾನುವಾರ ಗುರುಗಳ ವಂದನೆಗೆ ಉತ್ತರ ಹೇಳುವಾಗ ನಾವು ಬಾಯಿ ತೆರೆದರೆ ಸಾಕು.